ವೈರಕ್ಕ ಮತ್ತು ತಮ್ಮನ ಟೇಪು

ಹಾಡಲು ಬರುವವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ವೈರಕ್ಕ ಎಂದು. ಯಾವಾಗ ನೋಡಿದರೂ ಹೆಗಲ ಮೇಲೊಂದು ಸುತ್ತಿದ ವೈರು. ಹೊಸಬರು ಆ ಹೆಸರಿಗೆ ಬೆದರಿದರೆ, "ಹೆದರ್ಬೇಡಿ, ನಂಗೆ ಯಾರ ಮೇಲೂ ವೈರ ಇಲ್ಲ" ಎಂದು ತಾನೇ ನಗುತ್ತಿದ್ದಳು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವಳ ಸ್ಟುಡಿಯೋ. ಕೆಳಗೆ ಗಾಳಿ ತುಂಬುವ ಮೆಷಿನ್ನು ಶುರುವಾದರೆ ಮೇಲೆ ಹಾಡು ನಿಲ್ಲಬೇಕು. ರೆಕಾರ್ಡಿಂಗ್ ಅವಳದು, ಕೀಬೋರ್ಡ್ ತಮ್ಮನದು.

ನಲವತ್ತು ದಾಟಿದ ಮರುವರ್ಷ ತಮ್ಮನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕುಂಟುತ್ತಲಾದರೂ ನಡಿಗೆ ಮರಳಿತು. ಎಡಗೈ ಮಾತ್ರ ಯಾರದೋ ಸಾಮಾನಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ನೋಡಲು ಬಂದವರೆಲ್ಲ ಬಲಗೈ ಚುರುಕನ್ನು ಹೊಗಳಿಹೊಗಳಿ ಅವನ ಬಾಯಿ ಮುಚ್ಚಿಸಿದರು.

ಅಕ್ಕ ಒಂದು ದಾರಿ ಹುಡುಕಿದಳು. ಕೀಬೋರ್ಡಿನಿಂದ ರೆಕಾರ್ಡಿಂಗ್ ಯಂತ್ರಕ್ಕೆ ಮಿಡಿ ಎಂಬ ವೈರೊಂದನ್ನು ಎಳೆದಳು. ಆ ವೈರಿನಲ್ಲಿ ಸ್ವರ ಹರಿಯುವುದಿಲ್ಲ, ಬರೀ ಅಪ್ಪಣೆ ಹರಿಯುತ್ತದೆ. ಯಾವ ಕೀ ಒತ್ತಿದರೆ ಯಂತ್ರ ಏನು ಮಾಡಬೇಕೆಂದು ಮೊದಲೇ ಹೇಳಿಟ್ಟರೆ ಸಾಕು. ಬಲತುದಿಯ ನಾಲ್ಕು ಕೀಗಳನ್ನು ಅದಕ್ಕೆಂದೇ ಬಿಟ್ಟಳು: ಒಂದು ಓಡಿಸಲು, ಒಂದು ನಿಲ್ಲಿಸಲು, ಒಂದು ಹಿಂದಕ್ಕೆ, ಕೆಂಪು ಚೀಟಿ ಅಂಟಿಸಿದ್ದು ರೆಕಾರ್ಡಿಗೆ.

"ಎಡಗೈ ಭಾಗ ಮೊದ್ಲು ಬಾರಿಸ್ಬಿಡು. ಆಮೇಲೆ ಅದನ್ನ ಕೇಳ್ತಾ ಬಲಗೈದು. ನಾನು ಪಕ್ಕದಲ್ಲಿರೋದೇ ಬೇಡ" ಎಂದಳು.

"ಒಂದೇ ಕೈಲಿ ಎರಡು ಕೆಲಸ. ಸಂಬಳಾನೂ ಎರಡು ಕೊಡ್ತೀಯಾ?" ಎಂದ ತಮ್ಮ. ಕಾಯಿಲೆ ಬಿದ್ದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು. ಅಕ್ಕ ಒಳಕೋಣೆಗೆ ಹೋಗಿ ಕಣ್ಣೊರೆಸಿಕೊಂಡಳು.

ಯಂತ್ರದಲ್ಲಿದ್ದ ಟೇಪಿನ ಮೊದಲೆರಡು ಟ್ರ್ಯಾಕಿನಲ್ಲಿ ತಮ್ಮನದೇ ಹಳೆಯ ರಾಗವೊಂದಿತ್ತು, ಕಾಯಿಲೆಗೆ ಮುಂಚೆ ಎರಡೂ ಕೈಯಲ್ಲಿ ನುಡಿಸಿದ್ದು. ಅಮ್ಮನಿಗೆ ಅದೆಂದರೆ ಪ್ರಾಣ. ತಮ್ಮನು ಮನೆಗೆ ಹೋದ ಮೇಲೆ ಅಕ್ಕನೂ ಅದನ್ನು ಸಣ್ಣಗೆ ಹಾಕಿಕೊಂಡು ಕೇಳುತ್ತಿದ್ದಳು. ತೆರೆದ ಟ್ರ್ಯಾಕಿನಲ್ಲಷ್ಟೇ ಹಳೆಯದು ಅಳಿದು ಹೊಸದು ಕೂರುತ್ತದೆ; ತಮ್ಮನ ಅಭ್ಯಾಸಕ್ಕೆಂದು ಐದು, ಆರನೆಯದನ್ನು ಮಾತ್ರ ತೆರೆದಿಟ್ಟಿದ್ದಳು.

ಒಂದು ಬೆಳಿಗ್ಗೆ ಅಮ್ಮ ಮೆಟ್ಟಿಲು ಹತ್ತಿ ಬಂದು, "ಅವನದ್ದು ಹಾಕೇ, ಕೇಳೋಣ" ಎಂದು ಕುಳಿತರು. ಅಕ್ಕ ಹಾಕಿದಳು. ರಾಗ ತುಂಬಿ ಹರಿಯಿತು. ನಡುವೆ ಟಕ್ಕನೆ ಕಡಿದು, ಅಲ್ಲಿಂದಾಚೆಗೆ ಒಂಟಿ ಕೈಯೊಂದು ತಡವರಿಸುತ್ತ ಅದೇ ರಾಗವನ್ನು ಎಳೆದುಕೊಂಡು ಹೋಯಿತು, ಕೊನೆಯವರೆಗೂ.

"ಇದ್ಯಾರೇ ಮಧ್ಯದಲ್ಲಿ?" ಎಂದರು ಅಮ್ಮ.

"ನಾನೇ" ಎಂದ ಬಾಗಿಲಲ್ಲಿ ನಿಂತಿದ್ದ ತಮ್ಮ.

"ಕೈ ತಪ್ಪಿ ಕೆಂಪು ಕೀ ಒತ್ತಿದ್ಯೇನೋ?" ಎಂದಳು ಅಕ್ಕ.

"ಕೈ ತಪ್ಪಿಲ್ಲ. ಒಂದು, ಎರಡನೇ ಟ್ರ್ಯಾಕನ್ನ ನಾನೇ ತೆರೆದೆ."

"ಯಾಕೋ? ಅದಕ್ಕೆ ಇನ್ನೊಂದು ಪ್ರತಿ ಇಲ್ಲ ಕಣೋ!"

"ಗೊತ್ತು. ನಾನು ಮೆಟ್ಟಿಲು ಇಳಿಯೋದೇ ತಡ, ಅವನನ್ನ ಮಾತಾಡಿಸ್ತೀಯ. ಆ ಎರಡು ಕೈಯವನನ್ನ. ನಾನು ಕೆಳಗೆ ನಿಂತು ಎಷ್ಟು ಸಲ ಕೇಳಿದ್ದೀನಿ ಗೊತ್ತಾ?"

ಅಕ್ಕ ಮಿಡಿ ವೈರನ್ನು ಕಿತ್ತು ಚೀಲಕ್ಕೆ ತುರುಕಿದಳು. ಊರವರ ಹಾಡಿಗೆಲ್ಲ ಪ್ರತಿ ತೆಗೆದಿಡುವ ತಾನು ಇದೊಂದಕ್ಕೆ ತೆಗೆದಿಡಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ದೀಪದ ಬುಡದಲ್ಲೇ ಕತ್ತಲೆ.

ಆಮೇಲೆ ತಮ್ಮನು ಸ್ಟುಡಿಯೋಗೆ ಬರುವುದನ್ನು ಬಿಟ್ಟ. ಮನೆಯಲ್ಲಿ ಎದುರಾದರೆ ಇಬ್ಬರೂ ಅಮ್ಮನ ಜೊತೆ ಮಾತಾಡುತ್ತಿದ್ದರು. ಕೊನೆಗೆ ಅಮ್ಮನೇ ಬಟ್ಟೆ ಮಡಚುತ್ತ ಮಗಳಿಗೆ ಹೇಳಿದರು: "ನಂಗೂ ಸಂಕಟಾನೇ. ಆದ್ರೆ ಅವನದ್ದನ್ನ ಅವನು ಅಳಿಸ್ದ. ಕೈ ಹೋಗಿದ್ದು ಅವನದ್ದು ತಾನೆ? ನಾವಿಬ್ರೂ ಹೋಗಿದ್ದನ್ನೇ ಹಿಡ್ಕೊಂಡು ಕೂತ್ವಿ. ಅವನು ಎದುರಿಗೇ ಇದ್ದ."

ಅಕ್ಕನಿಗೆ ಆ ಮಾತು ನಾಟಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಸಿಟ್ಟಿನಲ್ಲೇ ಹೊಸ ಟೇಪು ಹಾಕಿದಳು, ಸಿಟ್ಟಿನಲ್ಲೇ ವೈರು ಚುಚ್ಚಿದಳು. "ಯಂತ್ರ ಖಾಲಿ ಇದೆ, ಬೇಕಾದ್ರೆ ಬಾ" ಎಂದು ತಮ್ಮನಿಗೆ ಹೇಳಿ ಕಳಿಸಿದಳು. ಮರುದಿನ ಅವನು ಬಂದು ಎರಡೂ ಭಾಗ ಬಾರಿಸಿ, ಹಿಂದಕ್ಕೆ ಓಡಿಸಿ, ಕೇಳಿಸಿ, ಅವಳ ಮುಖ ನೋಡಿದ.

"ಚೆನ್ನಾಗಿಲ್ಲ. ಎಡಗೈ ಭಾಗ ತಾಳ ಬಿಟ್ಟು ಓಡ್ತಿದೆ. ಇನ್ನೊಂದ್ಸಲ ಬಾರಿಸು" ಎಂದಳು ಅಕ್ಕ.

"ಎಲ್ಲಿ ಓಡ್ತಿದೆ? ತೋರ್ಸು" ಎಂದು ಅವನು ಜಗಳಕ್ಕೇ ನಿಂತ. ಮಧ್ಯಾಹ್ನದವರೆಗೂ ವಾದ ನಡೆಯಿತು. ಮೂರು ಸಲ ಅಳಿಸಿ, ನಾಲ್ಕನೆಯದನ್ನು ಉಳಿಸಿಕೊಂಡರು.

ಈಗ ಊರಿನ ನೃತ್ಯಶಾಲೆಯವರು ಅಭ್ಯಾಸದ ಸಂಗೀತವನ್ನು ಅವನಿಂದಲೇ ಮಾಡಿಸುತ್ತಾರೆ. ಅರ್ಧ ಉಳಿದ ಆ ಹಳೆಯ ಟೇಪನ್ನು ಅಕ್ಕ ಎಸೆದಿಲ್ಲ, ಮತ್ತೆ ಕೇಳಿಯೂ ಇಲ್ಲ. ಅದು ಎಲ್ಲಿದೆ ಎಂದು ತಮ್ಮ ಕೇಳಿಲ್ಲ.