ಬೆಡ್‌ಶೀಟಿನ ನಾಲ್ಕನೆಯ ಮೂಲೆ

ಪ್ರತಿ ಭಾನುವಾರ ಸಂಜೆಯವರೆಗೂ ಆಂಟಿಯ ಮಣಿಕಟ್ಟಿನ ಮೇಲೆ ಒಂದು ಕೆಂಪು ಗೆರೆ ಉಳಿದಿರುತ್ತಿತ್ತು. ಬೆಡ್‌ಶೀಟಿನ ಮೂಲೆಯನ್ನು ಬರಿಗೈಯಲ್ಲಿ ಹಿಡಿದರೆ ಜಾರುತ್ತದೆಂದು ಅವರು ಅದನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದರು. ಬಲಗೈಯೋ ಎಡಗೈಯೋ, ಈಗ ಆಣೆ ಮಾಡಿ ಹೇಳಲಾರೆ. ಗೆರೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ಸಂಶೋಧನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದಾಗ ಅಲ್ಲಿನ ಎಜ್‌ಬಾಸ್ಟನ್ ಬಡಾವಣೆಯಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಧಾರವಾಡದ ಕಡೆಯ ಕ್ರೈಸ್ತರು. ನಾನು ಆಂಟಿ ಎನ್ನುತ್ತಿದ್ದೆ. ಗಂಡ, ಅಂದರೆ ಅಂಕಲ್, ಪಾರ್ಶ್ವವಾಯು ಬಡಿದು ಕೆಳಗಿನ ಕೋಣೆಯಲ್ಲಿ ಮಲಗಿದ್ದರು. ಇನ್ನು ನಡೆಯಲಾರರು ಎಂದು ವೈದ್ಯರು ಹೇಳಿದ್ದರು. ಆಂಟಿ ಅದನ್ನು ಕೇಳಿಸಿಕೊಂಡಿದ್ದರು, ಒಪ್ಪಿಕೊಂಡಿರಲಿಲ್ಲ.

ಸುವಾರ್ತೆಯಲ್ಲಿ ಅವರಿಗೆ ಬೇಕಾದದ್ದು ಒಂದೇ ಕಥೆ. ಜನ ಕಿಕ್ಕಿರಿದ ಮನೆಯ ಮಾಳಿಗೆ ಬಿಚ್ಚಿ, ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸಿದ್ದು, ಅವನು ಎದ್ದು ತನ್ನ ಹಾಸಿಗೆ ತಾನೇ ಹೊತ್ತು ನಡೆದದ್ದು. ಹಾಗೆಯೇ ಪ್ರತಿ ಭಾನುವಾರ ಚರ್ಚ್ ಮುಗಿದ ಮೇಲೆ ನಾಲ್ವರು ಸೇರಿ ಅಂಕಲ್‌ರನ್ನು ಬೆಡ್‌ಶೀಟ್ ಸಮೇತ ಗೇಣುದ್ದ ಎತ್ತಿ, ಆಂಟಿ ಪ್ರಾರ್ಥಿಸಿದ ಮೇಲೆ ಇಳಿಸುತ್ತಿದ್ದೆವು. ಚರ್ಚಿನಿಂದ ದಂಪತಿಗಳಿಬ್ಬರು ಬರುತ್ತಿದ್ದರು. ನಾಲ್ಕನೆಯ ಮೂಲೆ ನನ್ನದು.

ನಾನು ಯಾವ ದೇವರನ್ನೂ ನಂಬದವಳು ಎಂದು ಮೊದಲೇ ಹೇಳಿದ್ದೆ.

"ಅಲ್ಲಿ ಎತ್ತಿದವರ ನಂಬಿಕಿ ನೋಡಿ ಯೇಸು ಎಬ್ಬಿಸಿದ, ಮಲಗಿದಾಂವನ್ನ ಏನೂ ಕೇಳಲಿಲ್ಲ," ಎಂದರು ಆಂಟಿ. "ನಿನ್ನ ಕೈ ಕೊಡವಾ, ಸಾಕು. ನಿನ್ನ ಪಾಲಿಂದೂ ನಾನೇ ನಂಬತೇನಿ."

ಅಂಕಲ್‌ಗೆ ಇದೆಲ್ಲ ತಮಾಷೆ. ತೊದಲುತ್ತಲೇ ಚುಚ್ಚುತ್ತಿದ್ದರು: "ಮಾಳಿಗಿ ಕೆಡವಬ್ಯಾಡ್ರಿ, ಮಾರ್ಟ್‌ಗೇಜ್ ಇನ್ನೂ ಮುಗದಿಲ್ಲ." ಆಂಟಿ ನಗುತ್ತಿರಲಿಲ್ಲ.

ಒಂದು ಭಾನುವಾರ ಅಂಕಲ್‌ರ ಕಾಲ್ಬೆರಳು ಅಲುಗಿತು. ನಿಜವಾಗಿ ಅಲುಗಿತೇ? ಅಂದಿನ ದಿನಚರಿಯಲ್ಲಿ ಹಾಗೆಂದೇ ಬರೆದಿದ್ದೇನೆ. ನನ್ನ ಮೂಲೆ ಸಡಿಲವಾಗಿ ಬಟ್ಟೆ ಎಳೆದದ್ದೂ ಇರಬಹುದು. ಆಂಟಿ ಅವತ್ತು ಗೋಧಿ ಹುಗ್ಗಿ ಮಾಡಿದರು. ಗಂಡನ ಕಪ್ಪು ಬೂಟುಗಳಿಗೆ ಪಾಲಿಶ್ ಹಾಕಿ, ಲೇಸು ಸಡಿಲಿಸಿ, ಮಂಚದ ಪಕ್ಕ ಇಟ್ಟರು. ಆಮೇಲೆ ವಾರವಾರವೂ ಪಾಲಿಶ್ ಹಾಕಿದರು, ಯಾರೂ ತೊಡದ ಬೂಟುಗಳಿಗೆ. ಅಂಕಲ್ ಗೋಡೆಯತ್ತ ಮುಖ ತಿರುಗಿಸಿ ಮಲಗತೊಡಗಿದರು. ತಮಾಷೆ ನಿಂತಿತು.

ಚಳಿಗಾಲ ಮುಗಿಯುವ ಮೊದಲೇ ಮತ್ತೊಮ್ಮೆ ಸ್ಟ್ರೋಕ್ ಆಗಿ ಅವರು ತೀರಿಕೊಂಡರು.

ಮಣ್ಣು ಮಾಡಿದ ಮರುದಿನ, ಒಗೆದ ಬೆಡ್‌ಶೀಟ್ ಮಡಚಲು ಆಂಟಿ ನನ್ನನ್ನು ಕೆಳಗೆ ಕರೆದರು. ಇಬ್ಬರೂ ಎರಡೆರಡು ಮೂಲೆ ಹಿಡಿದೆವು. ಮೂಲೆಗೆ ಮೂಲೆ ಸೇರಿಸುತ್ತ, ತಲೆಯೆತ್ತದೆ ಹೇಳಿದರು:

"ಇಬ್ಬರ ಪಾಲಿಂದು ನಂಬೂದು ನನ್ನ ಕೈಲೆ ಆಗಲಿಲ್ಲವಾ."

ರಕ್ತನಾಳ, ಮಿದುಳು, ವಯಸ್ಸು ಎಂದು ನಾನೇನೋ ವಿವರಿಸಿದೆ. ಅವರು ಕೇಳಿಸಿಕೊಂಡರು, ಒಪ್ಪಿಕೊಳ್ಳಲಿಲ್ಲ.

ಕೆಲವು ವರ್ಷಗಳ ನಂತರ ಆಂಟಿ ನಾಟಿಂಗ್‌ಹ್ಯಾಮಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ಆಗಲೂ ಇಂಗ್ಲೆಂಡಿನಲ್ಲೇ ಇದ್ದ ನಾನು ರೈಲು ಹಿಡಿದು ಹೋದೆ. ಪೆಟ್ಟಿಗೆ ಹೊರಲು ಕರಿಕೋಟಿನ ನಾಲ್ವರು ಬಂದಿದ್ದರು, ಶವಸಂಸ್ಕಾರ ಕಂಪನಿಯ ಬಾಡಿಗೆ ಆಳುಗಳು. ಆಂಟಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಭಾರವೇ ಇಲ್ಲವೆಂಬಂತೆ ಎತ್ತಿಕೊಂಡು ನಡೆದರು. ನಾನು ಕೈಕೊಡಲು ಮೂಲೆ ಉಳಿದಿರಲಿಲ್ಲ.