ಡೋಜರಿನ ಸ್ಪ್ರಿಂಗ್ ವಾಷರ್

ಮೊನ್ನೆ ಹಳೆಯ ಲೈಸೆನ್ಸ್ ಹುಡುಕುತ್ತ ತಗಡಿನ ಡಬ್ಬಿ ಬಗ್ಗಿಸಿದಾಗ ಒಂದು ಸ್ಪ್ರಿಂಗ್ ವಾಷರ್ ಉರುಳಿ ಮಂಚದ ಕೆಳಗೆ ಹೋಯಿತು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಮೂಗಿಗೆ ಹಿಡಿದರೆ ಈಗಲೂ ಗ್ರೀಸಿನ ವಾಸನೆ... ಜೊತೆಗೆ ಬೀಡಿಯದು. ನಾನು ಬೀಡಿ ಸೇದಿದವನಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಇಳಕಲ್ ಹತ್ತಿರದ ಕೆಂಪು ಕಲ್ಲಿನ ಕ್ವಾರಿಯಲ್ಲಿ ಡೋಜರ್ ಆಪರೇಟರ್ ಆಗಿ ಸೇರಿದೆ. ನನಗಿಂತ ಮೊದಲಿದ್ದವನು ಅದೇ ಸೀಟಿನ ಮೇಲೆ, ಮೇಲಿನ ಬಂಡೆ ಜಾರಿ ಬಿದ್ದು ಸತ್ತಿದ್ದ. ಇಳಕಲ್ಲಿನ ಡೈನಮೋ ಮಿಸ್ತ್ರಿಯ ಒಬ್ಬನೇ ಮಗ. ಸೀಟಿನ ಬೆನ್ನು ಒಂದು ಕಡೆ ಬಾಗಿಯೇ ಇತ್ತು, ಯಾರೂ ನೆಟ್ಟಗೆ ಮಾಡಿರಲಿಲ್ಲ. ನಾನು ಒರಗದೆ ಕೂರುತ್ತಿದ್ದೆ.

ಆ ಡೋಜರಿಗೆ ತಿಂಗಳಿಗೊಮ್ಮೆ ಚಾರ್ಜಿಂಗ್ ನಿಲ್ಲುತ್ತಿತ್ತು. ಎಂಜಿನ್ ಓಡುತ್ತಿದ್ದರೂ ಮೀಟರಿನ ಮುಳ್ಳು ಸೊನ್ನೆಯ ಕೆಳಗೆ ಬಿದ್ದುಕೊಳ್ಳುತ್ತಿತ್ತು, ಮರುದಿನ ಬ್ಯಾಟರಿ ಸತ್ತಿರುತ್ತಿತ್ತು. ಅದೂ ಮಟಮಟ ಮಧ್ಯಾಹ್ನ, ಕಲ್ಲು ಒಡೆಯುವವರು ಬುತ್ತಿ ಬಿಚ್ಚುವ ಹೊತ್ತಿಗೇ. "ಅಂವಾ ಇನ್ನೂ ಸೀಟ್ ಬಿಟ್ಟು ಇಳದಿಲ್ರಿ" ಅಂದವರೇ ಅವರು ಡೋಜರಿನ ನೆರಳಿಗೂ ಬರುವುದನ್ನು ಬಿಟ್ಟರು. ಮಾಲೀಕರಿಗೆ ದೂರು ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನನ್ನೇ ಹಂಗಿಸಿದರು. ಹೀಗೇ ನಿಲ್ಲುತ್ತಿದ್ದರೆ ಗುಜರಿಗೆ ಹಾಕುತ್ತೇನೆ ಅಂದರು. ಡೋಜರ್ ಹೋದರೆ ನನ್ನ ಕೆಲಸವೂ ಹೋದಂತೆಯೇ.

ಕರೆಕಳಿಸಿದಾಗಲೆಲ್ಲ ಮಿಸ್ತ್ರಿ ಸೈಕಲ್ ಮೇಲೆ ಬರುತ್ತಿದ್ದರು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ತಂತಿ ನೋಡಿ, ಪಾನಾ ಹಿಡಿದು ಅದರ ನಟ್ ಬಿಗಿದು, "ಚಾಲೂ ಮಾಡು ತಮ್ಮಾ" ಅನ್ನುವರು. ಮುಳ್ಳು ಎದ್ದ ಮೇಲೆ, "ಸ್ವಲ್ಪ ಮ್ಯಾಲ ಕುಂತು ನೋಡ್ತೇನಿ" ಎಂದು ನನ್ನನ್ನು ಇಳಿಸಿ ತಾವು ಹತ್ತುವರು. ಆ ಬಾಗಿದ ಬೆನ್ನಿಗೆ ಒರಗಿ, ಬೀಡಿ ಹಚ್ಚಿ, ಲಿವರಿನ ಮೇಲೆ ಕೈಯಿಟ್ಟು ಅರ್ಧ ತಾಸು. ತುಟಿ ಅಲುಗಾಡುತ್ತಿತ್ತು. ಎಂಜಿನ್ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಅವರು ಸುಮ್ಮನಾಗಿ, ಯಾರದೋ ಉತ್ತರ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿದರು.

ಒಂದು ಸಲ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅವರ ಕೈ ನೋಡಿದೆ. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಇರಲಿಲ್ಲ. ಅದಿಲ್ಲದಿದ್ದರೆ ಡೋಜರಿನ ನಡುಕಕ್ಕೆ ಎಂಥ ನಟ್ಟೂ ತಿಂಗಳೊಳಗೆ ಸಡಿಲಾಗುತ್ತದೆ. ಮಿಸ್ತ್ರಿಗೆ ಗೊತ್ತಿಲ್ಲದ ಸಂಗತಿಯೇ ಅದು?

"ಕಾಕಾ, ವಾಷರ್ ಎಲ್ಲೈತ್ರಿ?"

ಅವರು ಅಂಗಿಯ ಕಿಸೆಯಿಂದ ತೆಗೆದು ನನ್ನ ಅಂಗೈಗೆ ಹಾಕಿದರು.

"ಮಿಸ್ತ್ರಿ ಅಂದ್ರ ಕರದಾಗಷ್ಟ ಬರಬೇಕ ತಮ್ಮಾ. ಸುಮ್ನ ಬಂದು ಕುಂತ್ರ, ಮುದುಕಗ ತಲಿ ಕೆಟ್ಟೈತಿ ಅಂತಾರ."

"ನನ್ನ ಹೊಟ್ಟಿ ಮ್ಯಾಲ ಹೊಡೀತೀರಲ್ರಿ. ಈ ಆಟ ಸಾಕ್ರಿ ಕಾಕಾ."

ಅವರು ನನ್ನ ಅಂಗೈಯಿಂದ ವಾಷರ್ ತೆಗೆದುಕೊಂಡರು. ನಟ್ಟಿನ ಕೆಳಗೆ ಹಾಕಿ ಬಿಗಿದರು. ಅಂದು ಸೀಟಿಗೆ ಹತ್ತದೆ ಸೈಕಲ್ ತಳ್ಳಿಕೊಂಡೇ ಹೋದರು.

ನಾಲ್ಕು ತಿಂಗಳು ಮುಳ್ಳು ಒಮ್ಮೆಯೂ ಬೀಳಲಿಲ್ಲ. ಗೆದ್ದೆ ಅಂದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಬಿತ್ತು. ಇಳಿದು ನೋಡಿದರೆ ನಟ್ ಬಿಗಿಯಾಗಿದೆ, ವಾಷರ್ ಇದ್ದಲ್ಲೇ ಇದೆ, ತಂತಿ ಗಟ್ಟಿಯಾಗಿದೆ. ಮಿಸ್ತ್ರಿಯನ್ನು ಕರೆತರಲು ಆಳನ್ನು ಕಳಿಸಿ, ಮತ್ತೆ ಸೀಟಿಗೆ ಹತ್ತಿ ಕೂತೆ. ಆಳು ಒಬ್ಬನೇ ಬಂದ.

"ಮಿಸ್ತ್ರಿ ತೀರಿಕೊಂಡು ಐದ್ ದಿನ ಆತಂತ್ರಿ."

ಎಂಜಿನ್ ಓಡುತ್ತಲೇ ಇತ್ತು. ನಾನು ಸೀಟು ಬಿಟ್ಟು ಇಳಿದು, ದೂರದ ಒಂದು ಕಲ್ಲಿನ ಮೇಲೆ ಕೂತೆ. ಖಾಲಿ ಸೀಟು ಸಣ್ಣಗೆ ಅಲುಗುತ್ತಿತ್ತು. ಎಂಜಿನ್ನಿನ ನಡುಕಕ್ಕೇ ಇರಬೇಕು... ಅರ್ಧ ತಾಸಿನ ಮೇಲೆ ಹತ್ತಿ ನೋಡಿದರೆ ಮುಳ್ಳು ಎದ್ದಿತ್ತು. ಸೀಟಿನ ಸುತ್ತ ಬೀಡಿಯ ವಾಸನೆ.

ಮರುದಿನ ನಾನೇ ವಾಷರ್ ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಆಮೇಲೆ ತಿಂಗಳಿಗೊಮ್ಮೆ ನಟ್ ಸಡಿಲಾಗುತ್ತಿತ್ತು. ಬಿಗಿದು, ಚಾಲೂ ಮಾಡಿ, ಅರ್ಧ ತಾಸು ಸೀಟನ್ನು ಮಿಸ್ತ್ರಿಗೆ ಬಿಟ್ಟು ಇಳಿದು ದೂರ ಕೂರುತ್ತಿದ್ದೆ. ಕೊನೆಗೆ ಮಾಲೀಕರು ಡೋಜರನ್ನು ಗುಜರಿಗೆ ಹಾಕಿದರು, ನನ್ನ ಕೆಲಸವೂ ಹೋಯಿತು. ಅದಕ್ಕೆ ಬೇಜಾರಿಲ್ಲ. ಮಗನ ಹತ್ತಿರ ಬರಲು ಒಬ್ಬ ತಂದೆ ಹುಡುಕಿಕೊಂಡಿದ್ದ ಒಂದೇ ದಾರಿಯನ್ನು ನಾನು ಮುಚ್ಚಿಸಿದೆನಲ್ಲ, ಆ ಸಂಕಟ ಮಾತ್ರ ಇನ್ನೂ ಹೋಗಿಲ್ಲ.

ವಾಷರ್ ಈಗ ಮೇಜಿನ ಮೇಲಿದೆ. ಹಾಕಲು ಡೋಜರಿಲ್ಲ, ಕರೆದರೆ ಬರಲು ಮಿಸ್ತ್ರಿಯಿಲ್ಲ. ಆದರೂ ನಿನ್ನೆ ಮಧ್ಯಾಹ್ನ ಕುರ್ಚಿ ಬಿಟ್ಟು ಎದ್ದು, ಅರ್ಧ ತಾಸು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ.