ಮೊಮ್ಮಗಳ ಪಂಪಿಗೆ ನಾನೆರೆದ ಎಣ್ಣೆ

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಈಗ ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಯಾರ ಕಾರು ಬಂದು ನಿಂತರೂ ಅದರ ಹೊಟ್ಟೆಯೊಳಗೆ ಎಣ್ಣೆ ಹೇಗೆ ಓಡಾಡುತ್ತೆ ಅಂತ ಹೇಳಬಲ್ಲೆ. ಕೇಳದಿದ್ದರೂ ಹೇಳ್ತೀನಿ. ಅದಕ್ಕೇ ಈಚೆಗೆ ನೆಂಟರು ಗಾಡಿಯನ್ನ ಬೀದಿ ಮೂಲೆಯಲ್ಲೇ ಬಿಟ್ಟು ನಡೆದು ಬರ್ತಾರೆ.

ಈ ವಿದ್ಯೆ ನನಗೆ ಬಂದದ್ದು ಮೊಮ್ಮಗಳು ಪವಿತ್ರಳಿಂದ. ಡಿಪ್ಲೊಮಾ ಮುಗಿಸಿ ಬಾಶೆಟ್ಟಿಹಳ್ಳಿ ಹತ್ತಿರದ ಒಂದು ಗ್ಯಾರೇಜಿಗೆ ಸೇರಿದ್ದಾಳೆ. ಮೊದಮೊದಲು ಗಾಡಿ ತೊಳೆಯೋದೇ ಕೆಲಸವಾಗಿತ್ತು. ಹಾಗಿರುವಾಗ ಇಲ್ಲೇ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡಿಸುವ ನಾರಾಯಣಪ್ಪನವರ ಹಳೇ ಕಾರನ್ನ ಎಳೆಸಿಕೊಂಡು ಬಂದರು. ಎಣ್ಣೆಯ ಕೆಂಪು ದೀಪ ಹತ್ತಿತ್ತಂತೆ. ಎಣ್ಣೆ ಬದಲಾಯಿಸೋದನ್ನ ಮುಂದಕ್ಕೆ ಹಾಕೀ ಹಾಕೀ ಒಳಗೆಲ್ಲ ಕಪ್ಪು ಜಿಡ್ಡು ಕಟ್ಟಿ, ಆಯಿಲ್ ಪಂಪು ಸವೆದುಹೋಗಿತ್ತು. ಗ್ಯಾರೇಜಿನ ಯಜಮಾನರು ಪವಿತ್ರಳನ್ನ ಕರೆದು, "ಇದನ್ನ ಒಬ್ಬಳೇ ಮಾಡು. ಸರಿ ಹೋದ್ರೆ ಇನ್ಮೇಲೆ ಇಂಜಿನ್ ಕೆಲಸ ನಿಂದು. ಇಲ್ದಿದ್ರೆ ಪೈಪು ಹಿಡ್ಕೊಂಡು ಗಾಡಿ ತೊಳೀತಿರು" ಅಂದರಂತೆ.

ಅವಳು ದಿನಾ ಸಂಜೆ ಬಂದು ನನಗೆ ಪಾಠ ಹೇಳೋಳು. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲೋಕೆ ಒಂದು ತೊಟ್ಟಿ. ಅದರೊಳಗೆ ಜಾಲರಿ ಕಟ್ಟಿದ ಕೊಳವೆ. ಪಂಪಿನಲ್ಲಿ ಎರಡು ಹಲ್ಲಿನ ಚಕ್ರ, ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿಕೊಂಡು ತಿರುಗುತ್ತವೆ. ತಿರುಗಿದಂಗೆಲ್ಲ ಎಣ್ಣೆ ಹೀರಿ ಮೇಲಕ್ಕೆ ನೂಕುತ್ತವೆ. ಆ ಎಣ್ಣೆ ಫಿಲ್ಟರಿನಲ್ಲಿ ಸೋಸಿಕೊಂಡು, ತಿರುಗುವ ಕಬ್ಬಿಣಕ್ಕೆಲ್ಲ ಸವರಿ, ಇಳಿದು ವಾಪಸ್ಸು ತೊಟ್ಟಿಗೇ ಬರುತ್ತೆ. ಒತ್ತಡ ಹೆಚ್ಚಾದರೆ ಕುಕ್ಕರಿನ ವೆಯ್ಟು ಎದ್ದಂಗೆ ಒಂದು ಬಾಗಿಲು ತೆರೆದುಕೊಳ್ಳುತ್ತಂತೆ. ಹೊಸ ಪಂಪು ಕೂರಿಸೋ ಮುಂಚೆ ಅದಕ್ಕೇ ಚೂರು ಎಣ್ಣೆ ಕುಡಿಸಬೇಕಂತೆ. ಹಿಂದೆ ನಮ್ಮ ಬೀದಿಯ ಕೈಪಂಪಿಗೂ ಒಂದು ಚೊಂಬು ನೀರು ಹಾಕದೆ ಅದು ನೀರು ಕೊಡುತ್ತಿರಲಿಲ್ಲ. ಕೊಡೋರಿಗೂ ಮೊದಲು ಯಾರಾದರೂ ಒಂದು ಗುಟುಕು ಕೊಡಬೇಕು ನೋಡಿ.

ಇಷ್ಟೆಲ್ಲ ಕೇಳಿಸಿಕೊಂಡವಳು ಮಾಡಿದ ಘನಕಾರ್ಯ ಹೇಳ್ತೀನಿ, ನಗಬೇಡಿ.

ರಾತ್ರಿಯೆಲ್ಲ ತಣ್ಣಗಿದ್ದ ಇಂಜಿನ್ನು ಬೆಳಗ್ಗೆ ಹೇಗೆ ಶುರುವಾಗುತ್ತೆ ನೋಡಬೇಕು ಅಂತ ಪವಿತ್ರ ಹೊಸ ಪಂಪು ಕೂರಿಸಿದ ಕಾರನ್ನ ಮನೆ ಮುಂದೆ ತಂದು ನಿಲ್ಲಿಸಿದ್ದಳು. ನಾರಾಯಣಪ್ಪನವರು ಮೊದಲ ಬಸ್ಸಿಗೆ ಬಂದು ಒಯ್ಯೋದು ಅಂತ ಮಾತು. ಬೆಳಗ್ಗೆ ಎದ್ದು ಬಾನೆಟ್ ಎತ್ತಿ, ಎರಡು ಗೆರೆ ಇರೋ ಅಳತೆ ಕಡ್ಡಿ ಅದ್ದಿ ಎಣ್ಣೆ ನೋಡಿ, "ಸರಿಯಾಗಿದೆ ಅಜ್ಜಿ" ಅಂದು ಸ್ನಾನಕ್ಕೆ ಹೋದಳು. ಪಕ್ಕದಲ್ಲಿ ಮಿಕ್ಕ ಎಣ್ಣೆಯ ಡಬ್ಬಿ.

ನಮ್ಮದು ನೇಕಾರರ ಮನೆ. ಬೆಳಗ್ಗೆ ಎಣ್ಣೆ ಬಿಡದೆ ಮಗ್ಗದ ಸ್ವಿಚ್ಚು ಮುಟ್ಟೋರಲ್ಲ ನಾವು. ಆದರೆ ಮಗ್ಗಕ್ಕೆ ಒಂದು ತೊಟ್ಟು ಹೆಚ್ಚಾದರೂ ಸೀರೆ ಮೇಲೆ ಕಲೆ ಬೀಳುತ್ತೆ. ಹಾಗಾಗಿ ನಲವತ್ತು ವರ್ಷ ಜಿಪುಣಿಯ ಹಾಗೆ ತೊಟ್ಟು ತೊಟ್ಟು ಎಣಿಸಿ ಬಿಟ್ಟವಳು ನಾನು. ಅವತ್ತು ನನಗೆ ಅನ್ನಿಸಿತು: ಇಲ್ಲಿ ಕಲೆಯಾಗೋಕೆ ಸೀರೆಯೇ ಇಲ್ಲವಲ್ಲ! ಮಗು ಕೆಲಸ ಚೆನ್ನಾಗಿ ನಡೀಲಿ, ಇಂಜಿನ್ನು ಧಾರಾಳವಾಗಿ ಕುಡೀಲಿ ಅಂತ ಅದರ ಮುಚ್ಚಳ ತಿರುಗಿಸಿ ಡಬ್ಬಿಯಲ್ಲಿದ್ದಷ್ಟೂ ಸುರಿದುಬಿಟ್ಟೆ. ಮುಚ್ಚಳ ಹಾಕಿ ಅರಿಶಿನ ಕುಂಕುಮಾನೂ ಇಟ್ಟೆ.

ನಾರಾಯಣಪ್ಪನವರು ಬಂದರು. ಪವಿತ್ರಳನ್ನ ಮೇಲಿಂದ ಕೆಳಕ್ಕೆ ನೋಡಿ, "ಗ್ಯಾರೇಜಲ್ಲಿ ಗಂಡಸರು ಯಾರೂ ಇರ್ಲಿಲ್ವೇನಮ್ಮಾ?" ಅಂದರು.

"ಇದ್ರು ಸಾರ್. ಅವ್ರಿಗೆಲ್ಲ ಸುಲಭದ ಕೆಲಸ ಕೊಟ್ಟಿದ್ರು" ಅಂದಳು ನನ್ನ ಬಂಗಾರ.

ಬಾನೆಟ್ ಮುಚ್ಚಿ, ಸೀಟಿನಲ್ಲಿ ಕೂತು, ಕೀ ಹಿಡಿದುಕೊಂಡೇ ಅವರಿಗೆ ಬುದ್ಧಿ ಹೇಳಿದಳು. "ಟೈಮಿಗೆ ಸರಿಯಾಗಿ ಎಣ್ಣೆ, ಫಿಲ್ಟರ್ ಬದಲಾಯ್ಸಿ ಸಾರ್. ಕೆಂಪು ದೀಪ ಹತ್ತಿದ್ರೆ ಅಲ್ಲೇ ಇಂಜಿನ್ ಆಫ್ ಮಾಡಿ. ಹಂಗಂತ ಜಾಸ್ತೀನೂ ಸುರೀಬೇಡಿ. ತಿರುಗೋ ಕಬ್ಬಿಣ ಎಣ್ಣೇನ ಕಡೆದು ನೊರೆ ಮಾಡುತ್ತೆ. ನೊರೆ ಹೀರಿ ಪಂಪು ಏನ್ ಮಾಡುತ್ತೆ? ಇಂಜಿನ್ನೇ ಹೋಗ್ಬಹುದು."

ನಾನು ಖಾಲಿ ಡಬ್ಬಿ ಕಡೆ ನೋಡಿದೆ. ಹೇಳಿದರೆ, ಅನುಮಾನದಲ್ಲೇ ನಿಂತಿರೋ ಮನುಷ್ಯನ ಮುಂದೆ ಅವಳ ಮಾನ ಹೋಗುತ್ತೆ. ಹೇಳದಿದ್ದರೆ ಇಂಜಿನ್ನು ಹೋಗುತ್ತೆ, ಅದರ ಹಿಂದೆ ಅವಳ ಕೆಲಸ. ಅವಳ ಕೈ ಕೀ ತಿರುಗಿಸೋದರಲ್ಲಿತ್ತು.

"ಲೇ, ನಿಲ್ಲೇ! ನಾನು ಸುರಿದ್ಬಿಟ್ಟಿದೀನಿ ಕಣೇ!" ಅಂತ ಕೂಗಿದೆ.

"ಏನ್ ಸುರಿದೆ ಅಜ್ಜಿ?"

"ಡಬ್ಬೀಲಿದ್ದದ್ದು."

"ಎಷ್ಟು?"

"ಅಷ್ಟೂ."

ಬೈತಾಳೆ ಅಂದುಕೊಂಡೆ. ಬೈಯಲಿಲ್ಲ. ಇಳಿದು ಬಂದು ಕಡ್ಡಿ ಎಳೆದು ನೋಡಿದಳು. ಎಣ್ಣೆ ಮೇಲಿನ ಗೆರೆ ದಾಟಿ ಎಲ್ಲೋ ಹೋಗಿತ್ತು. ನನ್ನ ಬಟ್ಟೆ ನೆನೆಸುವ ಟಬ್ಬನ್ನೇ ಎತ್ತಿಕೊಂಡು ಕಾರಿನಡಿ ನುಗ್ಗಿ, ತೊಟ್ಟಿಯ ಬೋಲ್ಟು ಸಡಿಲಿಸಿ, ಹೆಚ್ಚಿನದನ್ನ ಇಳಿಸಿ ಬಿಗಿ ಮಾಡಿದಳು. ಕಡ್ಡಿ ಒರೆಸಿದಳು, ಅದ್ದಿದಳು, ನಾರಾಯಣಪ್ಪನವರ ಕಣ್ಣ ಮುಂದೆ ಹಿಡಿದಳು. ಎಣ್ಣೆ ಎರಡು ಗೆರೆಯ ಮಧ್ಯೆ, ಜೇನುತುಪ್ಪದ ಹಾಗೆ ಹೊಳೀತಿತ್ತು. ಕೀ ತಿರುಗಿಸಿದಳು. ಕೆಂಪು ದೀಪ ಹತ್ತಿತು. ಇಂಜಿನ್ನು ಗುರ್ರಂದ ಕೂಡಲೇ ದೀಪ ಆರಿತು. ಅಯ್ಯೋ, ದೀಪ ಆರಿದ್ದಕ್ಕೆ ಯಾರಾದರೂ ಕುಣಿದದ್ದು ನೋಡಿದೀರಾ? ಈ ಮಂಡಿ ನೋವಲ್ಲಿ ನಾನು ಕುಣಿದೆ!

ನಾರಾಯಣಪ್ಪನವರು ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿದರು. "ನೋಡಪ್ಪಾ, ಇನ್ಮೇಲೆ ನನ್ನ ಗಾಡಿ ಈ ಹುಡುಗೀನೇ ಮುಟ್ಬೇಕು. ಇವರಜ್ಜಿ ಮಾತ್ರ ಮುಟ್ಬಾರ್ದು."

ಆವತ್ತಿನಿಂದ ಇಂಜಿನ್ ಕೆಲಸ ನನ್ನ ಪವಿತ್ರಳದ್ದು. ಸಂಜೆ ಅವಳಿಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿ ತುಪ್ಪ ಹಾಕುತ್ತಾ ಹೋದೆ. ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕಜ್ಜಿ, ಮೇಲಿನ ಗೆರೆ ದಾಟ್ತು" ಅಂದಳು.

"ತಟ್ಟೇಲಿ ಗೆರೆ ಎಲ್ಲಿದೆ ತೋರ್ಸು" ಅಂತ ಅವಳ ಕೈ ಸರಿಸಿ ಇನ್ನೊಂದು ಚಮಚ ಹಾಕಿದೆ.